ತಪ್ಪು ಸೀಲಿನದಲ್ಲ, ಬ್ರೀದರಿನದು

ನನ್ನ ಹಳೆಯ ಸ್ಪೋರ್ಟ್ಸ್ ಕಾರು ನಿಲ್ಲಿಸಿದಲ್ಲೆಲ್ಲ ನೆಲಕ್ಕೆ ಎಣ್ಣೆಯ ಬೊಟ್ಟು ಇಡತೊಡಗಿತ್ತು. ಮೂಸಿದರೆ ಗಂಧಕದ ಘಾಟು; ಗೇರ್ ಎಣ್ಣೆಯೇ ಸರಿ. ಹಿಂಬದಿಯ ಡಿಫರೆನ್ಷಿಯಲ್‌ನ (ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಎಡಗಡೆ ಆಕ್ಸಲ್ ಸೀಲ್, ಅಂದರೆ ಚಕ್ರದತ್ತ ಹೋಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ಉಂಗುರ, ಒದ್ದೆಯಾಗಿತ್ತು. ಮುಂದಿನ ಪಿನಿಯನ್ (ಎಂಜಿನ್ನಿನ ಬಲವನ್ನು ಒಳತರುವ ಗೇರ್) ಸೀಲ್ ಆಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ; ಅದರ ನಟ್ ಬಿಚ್ಚಿದರೆ ಬೇರಿಂಗ್‌ನ ಬಿಗಿತವೇ ಕೆಡಬಹುದು.

ಹೊಸ ಸೀಲ್ ಹಾಕಿದೆ. ಎರಡೇ ವಾರದಲ್ಲಿ ಮತ್ತೆ ಸೋರಿತು. ಸೀಲಿಗೂ ಅದನ್ನು ಮಾರಿದವನಿಗೂ ಸಮನಾಗಿ ಶಾಪ ಹಾಕಿದ ಮೇಲೆ, ಡಿಫರೆನ್ಷಿಯಲ್‌ನ ಮೇಲ್ಭಾಗದ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಸಣ್ಣ ಕಿಂಡಿ) ನೋಡಿದೆ. ಕೆಸರು ಗಟ್ಟಿಯಾಗಿ ಪೂರ್ತಿ ಮುಚ್ಚಿತ್ತು. ಓಡುವಾಗ ಒಳಗೆ ಕಾದ ಗಾಳಿಗೆ ಹೊರದಾರಿಯಿಲ್ಲದೆ ಒತ್ತಡ ಏರಿ, ಎಣ್ಣೆಯನ್ನು ಸೀಲಿನ ತುಟಿಯಾಚೆ (ಶಾಫ್ಟಿಗೆ ಒತ್ತಿಕೊಂಡಿರುವ ಒಳ ಅಂಚಿನಾಚೆ) ದಬ್ಬುತ್ತಿತ್ತು.

ಬ್ರೀದರ್ ತೊಳೆದೆ. ಎಣ್ಣೆ ತುಂಬುವ ಪ್ಲಗ್ಗನ್ನು ಮೊದಲು ಸಡಿಲಿಸಿ (ಅದು ಜಾಮ್ ಆಗಿದ್ದರೆ ಖಾಲಿ ಮಾಡಿದ ಮೇಲೆ ತುಂಬುವುದು ಎಲ್ಲಿಂದ?), ಆಮೇಲೆ ಹಳೆಯ ಎಣ್ಣೆ ಇಳಿಸಿದೆ. ಶಾಫ್ಟಿನ ಮೇಲೆ ಉಗುರಿಗೆ ಸಿಗುವಂಥ ಸವೆದ ಗೆರೆಯಿತ್ತು. ತುಟಿ ಅದರ ಮೇಲೆಯೇ ಕೂರದಂತೆ, ಇನ್ನೊಂದು ಹೊಸ ಸೀಲಿಗೆ ಗ್ರೀಸ್ ಸವರಿ, ಅಗಲವಾದ ಸ್ಪ್ಯಾನರ್ ಸಾಕೆಟ್ ಒತ್ತಿಟ್ಟು ಹಳೆಯ ಜಾಗಕ್ಕಿಂತ 2 ಮಿ.ಮೀ. ಹೊರಗೆ ನೇರವಾಗಿ ತಟ್ಟಿ ಕೂರಿಸಿದೆ. ಜಿಎಲ್-5 ದರ್ಜೆಯ 75ಡಬ್ಲ್ಯೂ-90 ಸ್ನಿಗ್ಧತೆಯ ಗೇರ್ ಎಣ್ಣೆಯನ್ನು ಪ್ಲಗ್ಗಿನ ರಂಧ್ರದ ಅಂಚಿನವರೆಗೆ ತುಂಬಿದೆ.

ಆರು ತಿಂಗಳಾಯಿತು. ಕಾರಿನಡಿ ಹಾಸಿದ ರಟ್ಟು ಇನ್ನೂ ಒಣಗಿಯೇ ಇದೆ.