ಮ್ಯಾಪ್ ಮಾಡೋ ಕಮಾಂಡ್‌ಲೈನ್ ಟೂಲ್‌ಗೆ ವೈಲ್ಡ್‌ಕಾರ್ಡ್ ಸಪೋರ್ಟ್ ಸೇರಿಸೋದು ಹೇಗೆ

ಒಂದು ಫೋಲ್ಡರ್ ತುಂಬ ಎತ್ತರದ ಡೇಟಾ ಟೈಲ್‌ಗಳು ಇವೆ, ಎಲ್ಲಾನೂ ಸೇರಿಸಿ ಒಂದೇ ಮ್ಯಾಪ್ ಮಾಡ್ಬೇಕು. ಲಿನಕ್ಸ್‌ನಲ್ಲಿ *.ಟಿಫ್ ಅಂತ ಕೊಟ್ಟು (ಈ ನಕ್ಷತ್ರವೇ ವೈಲ್ಡ್‌ಕಾರ್ಡ್, ಇಲ್ಲಿ ಯಾವ ಹೆಸರಾದ್ರೂ ಸರಿ ಅನ್ನೋ ಚಿಹ್ನೆ) ಎಂಟರ್ ಒತ್ತಿದ್ರೆ ಆಯ್ತು, ಅದೇ ಟೂಲ್ ಅದೇ ಕಮಾಂಡ್ ವಿಂಡೋಸ್‌ನಲ್ಲಿ ಕೊಟ್ರೆ "*.ಟಿಫ್ ಅನ್ನೋ ಫೈಲ್ ಇಲ್ಲ" ಅಂತ ಎರರ್. ಆಗ ಎಲ್ಲರೂ ಅಂದ್ಕೊಳ್ಳೋದು ವಿಂಡೋಸ್ ಬಿಲ್ಡ್‌ನಲ್ಲಿ ಏನೋ ಬಗ್ ಇದೆ ಅಂತ, ಆದ್ರೆ ನಿಜ ಏನಂದ್ರೆ ಆ ಟೂಲ್‌ಗೆ ವೈಲ್ಡ್‌ಕಾರ್ಡ್ ಅಂದ್ರೆ ಏನಂತ ಎಲ್ಲೂ ಗೊತ್ತಿಲ್ಲ, ಲಿನಕ್ಸ್‌ನಲ್ಲೂ ಗೊತ್ತಿಲ್ಲ. ಅಲ್ಲಿ ಬ್ಯಾಶ್ ಶೆಲ್ಲೇ (ಟೈಪ್ ಮಾಡಿದ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಮ್) ನಕ್ಷತ್ರವನ್ನ ಬಿಡಿಸಿ, ಸಿಕ್ಕ ಹೆಸರುಗಳನ್ನೆಲ್ಲ ಸಾಲಾಗಿ ಟೂಲ್ ಕೈಗೆ ಕೊಟ್ಟಿರುತ್ತೆ. ವಿಂಡೋಸ್‌ನ ಸಿಎಂಡಿ ಆಗಲಿ ಪವರ್‌ಶೆಲ್ ಆಗಲಿ ಹೊರಗಿನ ಪ್ರೋಗ್ರಾಮ್‌ಗೆ ಆ ಸೇವೆ ಮಾಡಲ್ಲ, ಟೈಪ್ ಮಾಡಿದ್ದನ್ನ ಹಾಗೇ ದಾಟಿಸುತ್ತವೆ.

ಹಾಗಂತ ಇದು ಬರೀ ವಿಂಡೋಸ್ ಸಮಸ್ಯೆ ಅಂತ ಬಿಡೋಕಾಗಲ್ಲ. ಪೈಥಾನ್ ಸ್ಕ್ರಿಪ್ಟ್‌ನಿಂದ ಸಬ್‌ಪ್ರೊಸೆಸ್ ಮೂಲಕ ಟೂಲ್‌ನ ಕರೆದ್ರೆ ನಡುವೆ ಶೆಲ್ಲೇ ಇರಲ್ಲ, ಅಲ್ಲೂ ನಕ್ಷತ್ರ ನಕ್ಷತ್ರವಾಗೇ ಬರುತ್ತೆ. ಇನ್ನು ಟೈಲ್‌ಗಳು ಹತ್ತಾರು ಸಾವಿರ ಇದ್ರೆ ಲಿನಕ್ಸ್ ಶೆಲ್ ಬಿಡಿಸಿದ ಪಟ್ಟಿನೇ ಮಿತಿ ದಾಟಿ "ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್" ಅಂತ ಬರುತ್ತೆ, ಅಲ್ಲಿ ಸಾಮಾನ್ಯವಾಗಿ ಸಿಗೋದು 2 ಎಂಬಿ. ವಿಂಡೋಸ್‌ನಲ್ಲಿ ಸಿಎಂಡಿ ಸಾಲಿಗೆ 8191 ಅಕ್ಷರ ಅಷ್ಟೇ, ಹೆಸರುಗಳನ್ನ ಕೈಯಲ್ಲೇ ಸೇರಿಸಿ ಕೊಡ್ತೀನಿ ಅಂದ್ರೂ ಉದ್ದದ ಪಾತ್ ಇದ್ರೆ ನೂರು ಫೈಲ್‌ಗೇ ಮುಗಿದುಹೋಗುತ್ತೆ.

ಸುಲಭದ ದಾರಿ ಒಂದಿದೆ, ಮೊದಲು ಅದನ್ನ ಹೇಳಿ ಪಕ್ಕಕ್ಕಿಡ್ತೀನಿ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಸೆಟ್‌ಆರ್ಗ್‌ವಿ ಅನ್ನೋ ಆಬ್ಜೆಕ್ಟ್ ಫೈಲ್‌ನ ಲಿಂಕ್ ಮಾಡಿದ್ರೆ ಮೇನ್ ಶುರುವಾಗೋ ಮುಂಚೆನೇ ರನ್‌ಟೈಮ್ ಎಲ್ಲಾ ವೈಲ್ಡ್‌ಕಾರ್ಡ್ ಬಿಡಿಸಿಕೊಡುತ್ತೆ, ಕೋಡ್ ಒಂದು ಸಾಲೂ ಬದಲಾಯಿಸಬೇಕಿಲ್ಲ. ವಿಂಡೋಸ್‌ನ ಇನ್ನೊಂದು ಕಂಪೈಲರ್ ಮಿನ್‌ಜಿಡಬ್ಲ್ಯೂನಲ್ಲೂ ಇಂಥದ್ದೇ ವ್ಯವಸ್ಥೆ ಇದೆ. ಪುಟ್ಟ ಟೂಲ್‌ಗೆ ಇದು ಸಾಕು. ಆದ್ರೆ ಮ್ಯಾಪ್ ಟೂಲ್‌ಗಳಿಗೆ ನನಗೆ ಇದು ಒಪ್ಪಿಗೆ ಇಲ್ಲ, ಯಾಕಂದ್ರೆ ರನ್‌ಟೈಮ್‌ಗೆ ಯಾವುದು ಫೈಲ್ ಹೆಸರು, ಯಾವುದು ಆಪ್ಷನ್‌ನ ಬೆಲೆ, ಯಾವುದು ಔಟ್‌ಪುಟ್ ಅನ್ನೋ ಅರಿವೇ ಇರಲ್ಲ, ಕಂಡದ್ದನ್ನೆಲ್ಲ ಬಿಡಿಸೋಕೆ ಹೋಗುತ್ತೆ.

ಔಟ್‌ಪುಟ್ ವಿಷಯ ಎಷ್ಟು ಅಪಾಯ ಅಂದ್ರೆ, ಮ್ಯಾಪ್ ಡೇಟಾ ಓದಿ ಬರೆಯೋ ಲೈಬ್ರರಿ ಜಿಡಾಲ್‌ನ ವಾರ್ಪ್ ಕಮಾಂಡ್ ತಗೊಳ್ಳಿ, ಅದರಲ್ಲಿ ಕೊನೆಗೆ ಬರೋ ಹೆಸರೇ ಔಟ್‌ಪುಟ್. ಯಾರೋ ಔಟ್‌ಪುಟ್ ಹೆಸರು ಮರೆತು ಬರೀ *.ಟಿಫ್ ಅಂತ ಕೊಟ್ರೆ, ಶೆಲ್ ಬಿಡಿಸಿದ ಪಟ್ಟಿಯ ಕೊನೆಯ ಟೈಲೇ ಔಟ್‌ಪುಟ್ ಆಗಿ, ಇದ್ದ ಡೇಟಾ ಮೇಲೇ ಬರೆದುಬಿಡುತ್ತೆ, ಎರರ್ ಕೂಡ ಬರಲ್ಲ. ನಕ್ಷತ್ರವನ್ನ ಶೆಲ್ ಬಿಡಿಸದೇ ದಾಟಿಸಿ, ಟೂಲ್ ತಾನೇ ಬಿಡಿಸೋ ಹಾಗಿದ್ರೆ ಇದನ್ನ ತಡೀಬಹುದು, ಔಟ್‌ಪುಟ್ ಜಾಗದಲ್ಲಿ ನಕ್ಷತ್ರ ಕಂಡ್ರೆ ಅಲ್ಲೇ ನಿಲ್ಲಿಸಿ ಬೈದ್ರಾಯ್ತು.

ಹಾಗಾಗಿ ಕೋಡ್ ಎಲ್ಲಿ ಹಾಕ್ಬೇಕು ಅಂದ್ರೆ, ಆಪ್ಷನ್‌ಗಳನ್ನೆಲ್ಲ ಓದಿ ಮುಗಿದು, ಇನ್‌ಪುಟ್ ಫೈಲ್‌ಗಳ ಪಟ್ಟಿ ಬೇರೆಯಾಗಿ ಕೈಗೆ ಸಿಕ್ಕ ಮೇಲೆ, ಯಾವ ಫೈಲ್‌ನೂ ಇನ್ನೂ ತೆರೆಯೋ ಮುಂಚೆ. ಒಂದೇ ಫಂಕ್ಷನ್ ಬರೀರಿ, ಒಳಗೆ ಹೆಸರುಗಳ ಪಟ್ಟಿ ಹೋಗ್ಲಿ, ಹೊರಗೆ ಬಿಡಿಸಿದ ಪಟ್ಟಿ ಬರ್ಲಿ, ಎಲ್ಲಾ ಸಬ್‌ಕಮಾಂಡ್‌ಗಳೂ ಅದನ್ನೇ ಕರೀಲಿ. ಒಂದೊಂದು ಸಬ್‌ಕಮಾಂಡ್‌ಗೆ ಒಂದೊಂದು ಥರ ನಿಯಮ ಇದ್ರೆ ಬಳಸೋರು ಹುಚ್ಚರಾಗ್ತಾರೆ.

ಈಗ ಆ ಫಂಕ್ಷನ್ ಒಳಗೆ. ಪ್ರತಿ ಹೆಸರಿಗೂ ಮೊದಲು ಕೇಳಬೇಕಾದ್ದು: ಇದೇ ಹೆಸರಿನ ಫೈಲ್ ಡಿಸ್ಕ್‌ನಲ್ಲಿ ಇದೆಯಾ? ಇದ್ರೆ ಹಾಗೇ ತಗೊಳ್ಳಿ, ಮುಂದೆ ಯೋಚನೆ ಬೇಡ. ಹಳೆಯ ಕೆಲವು ಬ್ರೌಸರ್‌ಗಳಿಂದ ಇಳಿಸಿದ ಫೈಲ್‌ಗಳಲ್ಲಿ ಮ್ಯಾಪ್[1].ಟಿಫ್ ಅನ್ನೋ ಥರದ ಹೆಸರು ಇರಬಹುದು, ಇವತ್ತಿನವರೆಗೂ ಕೆಲಸ ಮಾಡ್ತಿದ್ದ ಕಮಾಂಡ್ ನಿಮ್ಮ ಪ್ಯಾಚ್ ಬಂದ ಮೇಲೆ ಕೆಡಬಾರದು. ಎರಡನೇದು, ಎಚ್‌ಟಿಟಿಪಿ ವಿಳಾಸಗಳನ್ನ ಮುಟ್ಟಬೇಡಿ, ಅವುಗಳಲ್ಲಿ ಪ್ರಶ್ನೆ ಚಿಹ್ನೆ ಇರೋದು ಮಾಮೂಲಿ. ಜಿಎಂಟಿ ಅನ್ನೋ ಮ್ಯಾಪ್ ಮಾಡೋ ಟೂಲ್‌ನಲ್ಲಿ @ ಚಿಹ್ನೆಯಿಂದ ಶುರುವಾಗೋ ಹೆಸರು ಸರ್ವರ್‌ನಿಂದ ಇಳಿಸಬೇಕಾದ ಡೇಟಾ, ಅದನ್ನೂ ಬಿಟ್ಟುಬಿಡಿ.

ಜಿಎಂಟಿ ಅಂದಾಗ ನಿಜವಾದ ತಲೆನೋವು ಇನ್ನೊಂದಿದೆ. ನೆಟ್‌ಸಿಡಿಎಫ್ (ವೈಜ್ಞಾನಿಕ ಡೇಟಾ ಇಡೋ ಒಂದು ಫಾರ್ಮ್ಯಾಟ್) ಫೈಲ್ ಒಳಗೆ ಹಲವು ವೇರಿಯಬಲ್ ಇದ್ರೆ, ಯಾವುದು ಬೇಕು ಅನ್ನೋದನ್ನ ಅಲ್ಲಿ ಫೈಲ್ ಹೆಸರಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಬರೀತಾರೆ, ಎಷ್ಟನೇ ಪದರ ಅನ್ನೋದನ್ನ ಚೌಕ ಆವರಣದಲ್ಲಿ ಕೊಡ್ತಾರೆ. ಅಂದ್ರೆ ಸಾಗರ.ಎನ್‌ಸಿ?ತಾಪ[2] ಅನ್ನೋದು ಅಲ್ಲಿ ಪೂರ್ತಿ ಸರಿಯಾದ ಇನ್‌ಪುಟ್, ಆದ್ರೆ ವೈಲ್ಡ್‌ಕಾರ್ಡ್ ಕಣ್ಣಲ್ಲಿ ನೋಡಿದ್ರೆ ? ಮತ್ತು [ ] ಎರಡೂ ಪ್ಯಾಟರ್ನ್ ಚಿಹ್ನೆಗಳೇ. ಸಾಗರ.ಎನ್‌ಸಿ ಅನ್ನೋದು ಫೈಲ್, ಮುಂದಿನದ್ದು ಬಾಲ, ಅದನ್ನ ಬೇರೆ ಮಾಡ್ಲೇಬೇಕು. ನನ್ನ ಸಲಹೆ: ಇಂಥ ಟೂಲ್‌ನಲ್ಲಿ ನಕ್ಷತ್ರ ಒಂದನ್ನೇ ಸಪೋರ್ಟ್ ಮಾಡಿ, ಪ್ರಶ್ನೆ ಚಿಹ್ನೆ ಕಂಡ್ರೆ ಅಲ್ಲಿಂದ ಮುಂದಿನ ಭಾಗ ಕತ್ತರಿಸಿ ಇಟ್ಕೊಳ್ಳಿ, ಮುಂಚಿನ ಭಾಗ ಮಾತ್ರ ಬಿಡಿಸಿ, ಸಿಕ್ಕ ಪ್ರತಿ ಹೆಸರಿಗೂ ಆ ಬಾಲ ಮತ್ತೆ ಅಂಟಿಸಿ. ಆಗ *.ಎನ್‌ಸಿ?ತಾಪ ಅಂತ ಕೊಟ್ರೆ ಎಲ್ಲಾ ಫೈಲ್‌ನಿಂದಲೂ ತಾಪ ಅನ್ನೋ ವೇರಿಯಬಲ್ ಬರುತ್ತೆ. ಇದನ್ನ ಶೆಲ್ ಯಾವತ್ತೂ ಮಾಡಿಕೊಡಲ್ಲ, ಹಾಗಾಗಿ ಲಿನಕ್ಸ್‌ನೋರಿಗೂ ಇದರಿಂದ ಲಾಭ, ಕೋಟ್ ಒಳಗೆ ಹಾಕಿ ಕೊಟ್ರಾಯ್ತು.

ಬಿಡಿಸೋ ಕೆಲಸಕ್ಕೆ ಪೋಸಿಕ್ಸ್ ಸಿಸ್ಟಮ್‌ಗಳಲ್ಲಿ (ಲಿನಕ್ಸ್, ಮ್ಯಾಕ್ ಥರದವು) ಗ್ಲಾಬ್ ಫಂಕ್ಷನ್ ರೆಡಿ ಇದೆ, ವಿಂಡೋಸ್‌ನಲ್ಲಿ ಫೈಂಡ್‌ಫಸ್ಟ್‌ಫೈಲ್, ಫೈಂಡ್‌ನೆಕ್ಸ್ಟ್‌ಫೈಲ್ ಜೋಡಿ. ಎರಡನ್ನೂ ನೇರ ಬಳಸಿದ್ರೆ ಎರಡು ಕಡೆ ಎರಡು ಥರ ನಡವಳಿಕೆ ಬರುತ್ತೆ. ವಿಂಡೋಸ್‌ನದ್ದು ಪಾತ್‌ನ ಕೊನೆಯ ತುಂಡಲ್ಲಿ ಮಾತ್ರ ಪ್ಯಾಟರ್ನ್ ಒಪ್ಪುತ್ತೆ, ವಾಪಸ್ ಕೊಡೋ ಹೆಸರಿನಲ್ಲಿ ಫೋಲ್ಡರ್ ಪಾತ್ ಇರಲ್ಲ, ನೀವೇ ಸೇರಿಸ್ಬೇಕು. ಹಳೆಯ 8.3 ಚಿಕ್ಕ ಹೆಸರುಗಳನ್ನೂ (ಹೆಸರಿಗೆ ಎಂಟಕ್ಷರ, ಎಕ್ಸ್‌ಟೆನ್ಷನ್‌ಗೆ ಮೂರು) ಹೋಲಿಸಿ ನೋಡೋದ್ರಿಂದ *.ಟಿಫ್ ಕೇಳಿದ್ರೆ .ಟಿಫ್‌ಎಫ್ ಕೂಡ ಬಂದು ಕೂರಬಹುದು. ಮ್ಯಾಕ್‌ನಲ್ಲಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿದಾಗ ಚುಕ್ಕಿ ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾಗೋ ಜೊತೆ ಫೈಲ್‌ಗಳು ಹುಟ್ಟಿಕೊಳ್ತವಲ್ಲ, ಗ್ಲಾಬ್ ಚುಕ್ಕಿ ಕಂಡು ಅವನ್ನ ಬಿಡುತ್ತೆ, ವಿಂಡೋಸ್ ಬಿಡಲ್ಲ, ನಿಮ್ಮ ಟೂಲ್ ಅದನ್ನ ಟಿಫ್ ಅಂದ್ಕೊಂಡು ತೆರೆದು ಕಕ್ಕಾಬಿಕ್ಕಿ ಆಗುತ್ತೆ.

ಹಾಗಾಗಿ ಆಪರೇಟಿಂಗ್ ಸಿಸ್ಟಮ್ ಹತ್ರ ಫೋಲ್ಡರ್‌ನಲ್ಲಿರೋ ಹೆಸರುಗಳ ಪಟ್ಟಿ ಮಾತ್ರ ಕೇಳಿ, ಹೋಲಿಸೋ ಕೆಲಸ ನಿಮ್ಮ ಸ್ವಂತ ಪುಟ್ಟ ಫಂಕ್ಷನ್‌ಗೆ ಬಿಡಿ. ಜಿಡಾಲ್ ಲೈಬ್ರರಿ ಮೇಲೆ ಕಟ್ಟಿರೋ ಟೂಲ್ ಆದ್ರೆ ವಿಎಸ್‌ಐರೀಡ್‌ಡಿರ್ ಅಂತ ಫಂಕ್ಷನ್ ಇದೆ, ಅದು ಜಿಪ್ ಫೈಲ್ ಒಳಗಿನ ಪಟ್ಟಿಯನ್ನೂ ಕೊಡುತ್ತೆ, ಜಿಪ್ ಒಳಗೂ ನಕ್ಷತ್ರ ಕೆಲಸ ಮಾಡುತ್ತೆ ಅಂದ್ರೆ ಪುಕ್ಕಟೆ ಲಾಭ. ಹೋಲಿಸೋ ಫಂಕ್ಷನ್‌ನ ಪ್ರತಿ ನಕ್ಷತ್ರಕ್ಕೂ ತನ್ನನ್ನೇ ಕರೆಯೋ ಥರ ಬರೆದ್ರೆ ನಾಲ್ಕೈದು ನಕ್ಷತ್ರ ಇರೋ ಪ್ಯಾಟರ್ನ್‌ಗೆ ವಿಪರೀತ ನಿಧಾನ ಆಗಬಹುದು. ಬದಲಿಗೆ ಕೊನೆಯ ನಕ್ಷತ್ರ ಎಲ್ಲಿತ್ತು ಅಂತ ನೆನಪಿಟ್ಕೊಂಡು, ಹೊಂದದೇ ಹೋದ್ರೆ ಅಲ್ಲಿಗೆ ವಾಪಸ್ ಬಂದು ಒಂದಕ್ಷರ ಮುಂದೆ ಸರಿಯೋ ಲೂಪ್ ಸಾಕು, ಇಪ್ಪತ್ತು ಮೂವತ್ತು ಸಾಲಲ್ಲಿ ಆಗುತ್ತೆ. ಪ್ರಶ್ನೆ ಚಿಹ್ನೆನೂ ವೈಲ್ಡ್‌ಕಾರ್ಡ್ ಆಗಿ ಸಪೋರ್ಟ್ ಮಾಡೋ ಟೂಲ್ ಆದ್ರೆ ಬೈಟ್ ಲೆಕ್ಕ ಹಿಡೀಬೇಡಿ, ಯುಟಿಎಫ್-8ನಲ್ಲಿ 'ಕ' ಒಂದೇ ಅಕ್ಷರಕ್ಕೆ 3 ಬೈಟ್. ವಿಂಡೋಸ್‌ನಲ್ಲಿ ವೈಡ್ ಅಕ್ಷರದ ಫಂಕ್ಷನ್‌ಗಳನ್ನೇ ಕರೆದು ಯುಟಿಎಫ್-8ಗೆ ತಿರುಗಿಸ್ಕೊಳ್ಳಿ, ಇಲ್ದಿದ್ರೆ ಇಂಗ್ಲಿಷ್ ಅಲ್ಲದ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆ ಸಾಲಾಗಿ ಬರ್ತವೆ.

ಪಟ್ಟಿ ಬಂದ ಮೇಲೆ ಸಾರ್ಟ್ ಮಾಡ್ಲೇಬೇಕು. ಫೋಲ್ಡರ್ ಓದಿದಾಗ ಹೆಸರುಗಳು ಇಂಥದ್ದೇ ಕ್ರಮದಲ್ಲಿ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಟೈಲ್‌ಗಳು ಒಂದರ ಮೇಲೊಂದು ಹಾಯ್ದಿದ್ರೆ ಜಿಡಾಲ್‌ನ ವಿಆರ್‌ಟಿ (ಹಲವು ಟೈಲ್‌ಗಳನ್ನ ಒಂದೇ ಮ್ಯಾಪ್ ಥರ ತೋರಿಸೋ ಫೈಲ್) ಕಟ್ಟೋ ಕಮಾಂಡ್‌ನಲ್ಲಿ ಪಟ್ಟಿಯ ಕೊನೆಯಲ್ಲಿರೋ ಫೈಲ್‌ದೇ ಮೇಲೆ ಕಾಣೋದು, ಕ್ರಮ ಬದಲಾದ್ರೆ ಮ್ಯಾಪೇ ಬದಲಾಗುತ್ತೆ, ಒಂದೇ ಡೇಟಾಗೆ ಎರಡು ಮಷೀನ್‌ನಲ್ಲಿ ಎರಡು ಚಿತ್ರ. ಬೈಟ್ ಕ್ರಮದ ಸಾರ್ಟ್ ಸಾಕು, ಲೊಕೇಲ್ (ಮಷೀನ್‌ನ ಭಾಷೆ ಸೆಟ್ಟಿಂಗ್) ಪ್ರಕಾರ ಬೇಡ, ಅದು ಮಷೀನ್‌ನಿಂದ ಮಷೀನ್‌ಗೆ ಬೇರೆ. ಎಸ್‌ಆರ್‌ಟಿಎಂ ಅನ್ನೋ ಎತ್ತರದ ಡೇಟಾದ ಟೈಲ್‌ಗಳ ಹೆಸರು ಎನ್45ಇ006 ಥರ ಸೊನ್ನೆ ತುಂಬಿಸಿರೋದ್ರಿಂದ ಅಲ್ಲಿ ತೊಂದ್ರೆ ಇಲ್ಲ, ಟೈಲ್10 ಬಂದು ಟೈಲ್2ಕ್ಕಿಂತ ಮುಂಚೆ ಕೂತ್ರೆ ಅದು ಹೆಸರಿಟ್ಟವರ ಪಾಡು.

ಶೇಪ್‌ಫೈಲ್‌ದು ಬೇರೆ ಕಥೆ, ಅಲ್ಲಿ ಒಂದೇ ಲೇಯರ್ ಹಲವು ಫೈಲ್‌ಗಳಲ್ಲಿ ಹಂಚಿರುತ್ತೆ. ರಸ್ತೆ* ಅಂತ ಕೊಟ್ರೆ ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ ನಾಲ್ಕೂ ಬರ್ತವೆ, ಜಿಡಾಲ್ ಅದರಲ್ಲಿ ಮೊದಲ ಮೂರನ್ನೂ ತೆರೆದು ಅದೇ ಲೇಯರ್‌ನ ಮೂರು ಸಲ ಕೊಡಬಹುದು. *.ಟಿಫ್* ಅಂದ್ರೆ ಜೊತೆಗಿರೋ .ಆಕ್ಸ್.ಎಕ್ಸ್‌ಎಂಎಲ್ ಮತ್ತು ಓವರ್‌ವ್ಯೂ ಫೈಲ್ ಎಳ್ಕೊಂಡು ಬರುತ್ತೆ. ವೈಲ್ಡ್‌ಕಾರ್ಡ್‌ನಿಂದ ಬಂದ ಹೆಸರುಗಳಿಗೆ ಮಾತ್ರ ಇಂಥ ಜೊತೆ ಫೈಲ್‌ಗಳ ಎಕ್ಸ್‌ಟೆನ್ಷನ್ ನೋಡಿ ಬಿಡಿ, ಕೈಯಾರೆ ಟೈಪ್ ಮಾಡಿದ ಹೆಸರನ್ನ ಬಿಡಬೇಡಿ.

ಇನ್ನು ಏನೂ ಸಿಗದೇ ಹೋದ್ರೆ? ಖಾಲಿ ಪಟ್ಟಿ ವಾಪಸ್ ಕೊಡೋದು ಅತಿ ಕೆಟ್ಟ ಉತ್ತರ. ಜಿಎಂಟಿ ಥರದ ಟೂಲ್‌ಗಳು ಫೈಲ್ ಹೆಸರೇ ಇಲ್ಲ ಅಂದ್ರೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ (ಸಾಮಾನ್ಯವಾಗಿ ಕೀಬೋರ್ಡ್) ಓದೋಕೆ ಶುರು ಮಾಡ್ತವೆ, ಟರ್ಮಿನಲ್ ಸುಮ್ನೆ ಕೂತಿರುತ್ತೆ, ಬಳಸೋರು ದೊಡ್ಡ ಡೇಟಾ ಅಂತ ಕಾಯ್ತಾ ಇರ್ತಾರೆ. ಯಾವ ಪ್ಯಾಟರ್ನ್‌ಗೆ ಏನೂ ಸಿಗ್ಲಿಲ್ಲ ಅಂತ ಹೆಸರು ಹೇಳಿ ಎರರ್ ಕೊಟ್ಟು, ಸೊನ್ನೆ ಅಲ್ಲದ ಎಕ್ಸಿಟ್ ಕೋಡ್‌ನೊಂದಿಗೆ ಹೊರಬನ್ನಿ.

ಔಟ್‌ಪುಟ್ ಫೈಲ್ ಅದೇ ಫೋಲ್ಡರ್‌ನಲ್ಲಿದ್ರೆ ಎರಡನೇ ಸಲ ಓಡಿಸಿದಾಗ ಅದೂ *.ಟಿಫ್‌ಗೆ ಸಿಕ್ಕಿಬೀಳುತ್ತೆ, ಇನ್‌ಪುಟ್ ಪಟ್ಟಿಯಿಂದ ಅದನ್ನ ತೆಗೆದು ಒಂದು ವಾರ್ನಿಂಗ್ ಕೊಡಿ. ಹೆಸರಿನ ಸ್ಟ್ರಿಂಗ್ ಹೋಲಿಸಿದ್ರೆ ಸಾಲದು, ಮುಂದೆ ./ ಸೇರಿಸಿದ್ರೂ ಅದೇ ಫೈಲೇ ತಾನೆ, ಲಿನಕ್ಸ್, ಮ್ಯಾಕ್‌ನಲ್ಲಿ ಡಿವೈಸ್ ಮತ್ತು ಐನೋಡ್ ನಂಬರ್ (ಡಿಸ್ಕ್‌ನಲ್ಲಿ ಫೈಲ್‌ನ ಗುರುತಿನ ಸಂಖ್ಯೆ) ಹೋಲಿಸಿ. ಫೈಲ್‌ಗಳನ್ನ ಒಟ್ಟಿಗೆ ತೆರೆದಿಡೋದೂ ಬೇಡ, ಲಿನಕ್ಸ್‌ನಲ್ಲಿ ಒಂದು ಪ್ರೊಸೆಸ್‌ಗೆ ಸಾಮಾನ್ಯ ಮಿತಿ 1024, ಮ್ಯಾಕ್‌ನಲ್ಲಿ 256.

ಟೆಸ್ಟ್‌ಗೆ ತಾತ್ಕಾಲಿಕ ಫೋಲ್ಡರ್ ಮಾಡಿ, ಸ್ಪೇಸ್ ಇರೋ ಹೆಸರು, ಆವರಣ ಇರೋ ಹೆಸರು, ಕನ್ನಡ ಹೆಸರು, ಚುಕ್ಕಿಯಿಂದ ಶುರುವಾಗೋದು, ದೊಡ್ಡಕ್ಷರದ ಎಕ್ಸ್‌ಟೆನ್ಷನ್, ಟಿಫ್ ಅಂತ ಕೊನೆಯಾಗೋ ಒಂದು ಫೋಲ್ಡರ್ ಕೂಡ ಹಾಕಿ. ಟೆಸ್ಟ್ ಸ್ಕ್ರಿಪ್ಟ್‌ನಲ್ಲಿ ಪ್ಯಾಟರ್ನ್‌ನ ಸಿಂಗಲ್ ಕೋಟ್ ಒಳಗೇ ಕೊಡಿ, ಇಲ್ದಿದ್ರೆ ಲಿನಕ್ಸ್ ಶೆಲ್ ಮುಂಚೆನೇ ಬಿಡಿಸಿ, ನಿಮ್ಮ ಕೋಡ್ ಓಡದೇನೇ ಎಲ್ಲಾ ಟೆಸ್ಟ್ ಪಾಸ್ ಅಂತ ತೋರಿಸುತ್ತೆ. ಹೆಲ್ಪ್ ಟೆಕ್ಸ್ಟ್‌ನಲ್ಲೂ ಕೋಟ್ ಇರೋ ಉದಾಹರಣೆನೇ ಹಾಕಿ, ವಿಂಡೋಸ್‌ನವರಿಗೆ ಮಾತ್ರ ಡಬಲ್ ಕೋಟ್, ಸಿಎಂಡಿಗೆ ಸಿಂಗಲ್ ಕೋಟ್ ಅಂದ್ರೆ ಅದೂ ಹೆಸರಿನ ಭಾಗವೇ.