ಕ್ಯಾನ್‌ಬೆರಾದ ಮರದ ಬಾಲ

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ತೀರ್ಥಹಳ್ಳಿ ಕಡೆ ಹುಡುಗರದ್ದು ಒಂದೇ ಪ್ರಶ್ನೆ. ‘ಮಾವ, ಏರ್‌ಫೋರ್ಸಲ್ಲಿ ನೀವು ಯಾವ ವಿಮಾನ ನೋಡ್ಕೊಳ್ತಿದ್ರಿ?’ ಕ್ಯಾನ್‌ಬೆರಾ ಬಾಂಬರ್ ಅಂದರೆ ಮುಖ ಮುಖ ನೋಡುತ್ತಾರೆ. 1957ರಲ್ಲಿ ವಾಯುಪಡೆಗೆ ಬಂತು, 1961ರಲ್ಲಿ ಪೋರ್ಚುಗೀಸರ ಕೈಲಿದ್ದ ಗೋವಾದ ದಾಬೋಲಿಂ ವಿಮಾನ ನಿಲ್ದಾಣದ ಮೇಲೆ ಬಾಂಬ್ ಹಾಕಿತು, ನಿವೃತ್ತಿ ಆಗಿದ್ದು 2007ರಲ್ಲಿ. ಭರ್ತಿ 50 ವರ್ಷ! 90ರ ದಶಕದಲ್ಲಿ ನಾನು ಆಗ್ರಾಕ್ಕೆ ಹೋದಾಗ ನಮ್ಮ ಕ್ಯಾನ್‌ಬೆರಾಗಳು ಎತ್ತರದಿಂದ ಫೋಟೋ ತೆಗೆಯುವ ಕೆಲಸ ಮಾಡುತ್ತಿದ್ದವು.

ನನ್ನದು ಏರ್‌ಫ್ರೇಮ್, ಅಂದರೆ ಎಂಜಿನ್ ಬಿಟ್ಟು ಮೈ, ರೆಕ್ಕೆ, ಚಕ್ರ. ವಿಮಾನದ ವಯಸ್ಸು ವರ್ಷದ ಲೆಕ್ಕ ಅಲ್ಲ. ಎಷ್ಟು ಗಂಟೆ ಹಾರಿತು, ಎಷ್ಟು ಸಲ ಇಳಿಯಿತು, ಅದೇ ಲೆಕ್ಕ. ಲೋಹ ದಣಿದು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಜಾಗ ಚೆನ್ನಾಗಿ ತೊಳೆದು, ಕೆಂಪು ಬಣ್ಣ ಹಚ್ಚಿ, ಅದು ಒಳಗೆ ಇಳಿಯುವವರೆಗೆ ಕಾದು, ಮೇಲಿನದ್ದು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಮೊದಲನೇ ಸಲ ನಾನು ಸರಿಯಾಗಿ ಒರೆಸಿರಲಿಲ್ಲ, ಎಲ್ಲಾ ಕಡೆ ಕೆಂಪೋ ಕೆಂಪು. ‘ಇದು ಹೋಳಿ ಅಲ್ಲ’ ಅಂತ ಬೈದು ಸಾರ್ಜೆಂಟ್ ಮೊದಲಿನಿಂದ ಮಾಡಿಸಿದರು.

ಇನ್ನೊಂದು ಮಜಾ ಗೊತ್ತಾ? ಅದರ ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆಯ ಮುಂಭಾಗ ಮರದ್ದು! ಮಳೆಗಾಲಕ್ಕೆ ಮುಂಚೆ ಗೆದ್ದಲು ಹತ್ತಿದೆಯಾ ಅಂತ ಮನೆಯ ಕಂಬ, ತೊಲೆಗಳನ್ನೆಲ್ಲ ತಟ್ಟಿ ನೋಡುವವರು ನಾವು, ಅಭ್ಯಾಸ ಬಲ ನೋಡಿ, ಅಲ್ಲೂ ಬೆರಳಲ್ಲಿ ತಟ್ಟಿ ಕಿವಿ ಕೊಟ್ಟೆ. ಸೀನಿಯರ್‌ಗಳು ನಕ್ಕರು. ನಾನು ಬಿಡಲಿಲ್ಲ.

ಸ್ಟಾರ್ಟ್ ಮಾಡುವುದೂ ಹಳೇ ಪದ್ಧತಿ. ಕಾರ್ಟ್ರಿಡ್ಜ್, ಅಂದರೆ ಮದ್ದು ತುಂಬಿದ ಡಬ್ಬಿ ಸುಟ್ಟು, ಅದರ ಗ್ಯಾಸಿನಿಂದ ಎಂಜಿನ್ ತಿರುಗಿಸಬೇಕು. ಕಪ್ಪು ಹೊಗೆ, ತೋಟದಲ್ಲಿ ಹಂದಿಗೆ ಈಡು ಹೊಡೆದ ಹಾಗೆ ವಾಸನೆ. ಬಿಡಿಭಾಗದ ಪಾಡಂತೂ ಕೇಳಬೇಡಿ. ಸುಮ್ನೆ ನಿಂತ ವಿಮಾನದಿಂದ ಬಿಚ್ಚಿ ಹಾರುವುದಕ್ಕೆ ಹಾಕುತ್ತಿದ್ದೆವು. ಒಮ್ಮೆ ಆರು ತಿಂಗಳು ಕಾದು ತರಿಸಿದ ರಬ್ಬರ್ ಸೀಲಿನ ಅಳತೆಯೇ ಬೇರೆ ಇತ್ತು.

1999ರ ಮೇ 21ರಂದು ಕಾರ್ಗಿಲ್ ಕಡೆ ಹೋಗಿದ್ದ ಕ್ಯಾನ್‌ಬೆರಾ ಒಂದಕ್ಕೆ ಕ್ಷಿಪಣಿ ಬಡಿಯಿತು. ಒಂದೇ ಎಂಜಿನ್ನಿನಲ್ಲಿ ವಾಪಸ್ ಬಂದು ಇಳಿಯಿತು. ಸುದ್ದಿ ಬಂದಾಗ ಹ್ಯಾಂಗರಿನಲ್ಲಿ ಯಾರೂ ಕೂಗಾಡಲಿಲ್ಲ. ಆ ವಿಮಾನದ ಫಾರ್ಮ್ 700ರಲ್ಲಿ, ಅಂದರೆ ತಪಾಸಣೆ-ರಿಪೇರಿ ದಾಖಲೆ ಪುಸ್ತಕದಲ್ಲಿ, ನನ್ನ ಸಹಿ ಎಲ್ಲೆಲ್ಲಿ ಇತ್ತು ಅಂತ ನಾನು ಒಂದೊಂದೇ ನೆನಪು ಮಾಡಿಕೊಳ್ಳುತ್ತಾ ನಿಂತಿದ್ದೆ.