ಕೈಹೊಲಿಗೆಯ ಪುಸ್ತಕಕ್ಕೆ ಚರ್ಮದ ಹೊದಿಕೆ ಹಾಕುವ ಕ್ರಮ

ಹೊದಿಕೆಗೆ ಮೇಕೆಯ ಚರ್ಮವನ್ನೇ, ಅದರಲ್ಲೂ ಕ್ರೋಮ್ ಲವಣದ ಬದಲು ಮರದ ತೊಗಟೆಯಂಥ ಸಸ್ಯಮೂಲಗಳಿಂದ ಹದಮಾಡಿದ್ದನ್ನು ಆರಿಸಿಕೊಳ್ಳಬೇಕು; ಒದ್ದೆಯಾದಾಗ ಒತ್ತಿದ ಆಕಾರವನ್ನು ಒಣಗಿದ ಮೇಲೂ ಅದು ಉಳಿಸಿಕೊಳ್ಳುತ್ತದೆ. ರಟ್ಟಿನ ಅಳತೆಗಿಂತ ಸುತ್ತಲೂ 15ರಿಂದ 20 ಮಿಲಿಮೀಟರ್ ಹೆಚ್ಚಾಗಿ ಕತ್ತರಿಸಿ.

ಇಡೀ ಕೆಲಸದ ಅಂದ ನಿಂತಿರುವುದು ಅಂಚುಗಳನ್ನು ತೆಳುಗೊಳಿಸುವುದರಲ್ಲಿ. ನುಣುಪಾದ ಕಲ್ಲಿನ ಮೇಲೆ ಚರ್ಮವನ್ನು ಒಳಮೈ ಮೇಲಾಗಿ ಹಾಸಿ, ಚೆನ್ನಾಗಿ ಮಸೆದ ಚಾಕುವನ್ನು ಬಹುತೇಕ ಮಲಗಿಸಿ ಹಿಡಿದು, ಒಳಗಿನಿಂದ ಅಂಚಿನ ಕಡೆಗೆ ಹೆರೆಯುತ್ತ ಹೋದರೆ, ತುದಿಯು ಕಾಗದದಷ್ಟು ತೆಳ್ಳಗಾಗುತ್ತದೆ. ಇಲ್ಲಿ ಅವಸರ ಖಂಡಿತ ಸಲ್ಲದು.

ಬಳಿಕ ಹೊರಮೈಯನ್ನು ಸ್ಪಂಜಿನಿಂದ ತೇವಗೊಳಿಸಿ, ಒಳಮೈಗೆ ಮೈದಾ ಅಂಟನ್ನು ಬಳಿದು, ಅದು ಹೀರಿಕೊಂಡ ಮೇಲೆ ಇನ್ನೊಮ್ಮೆ ಬಳಿಯಬೇಕು. ಮೈದಾ ಅಂಟು ನಿಧಾನವಾಗಿ ಒಣಗುವುದರಿಂದ ಚರ್ಮವನ್ನು ಸರಿಸಿ ಕೂರಿಸಲು ಸಮಯ ಸಿಗುತ್ತದೆ. ಬೇಗ ಹಿಡಿಯುವ ಅಂಟುಗಳಲ್ಲಿ ಈ ಅನುಕೂಲವಿಲ್ಲ. ಮೊದಲು ಬೆನ್ನಿಗೆ, ಅನಂತರ ರಟ್ಟುಗಳಿಗೆ ಚರ್ಮವನ್ನು ಕೂರಿಸಿ, ಹೊಲಿಗೆಯ ಹುರಿಗಳು ಉಬ್ಬಿರುವ ಕಡೆ ಮೂಳೆಯ ಪಟ್ಟಿಯಿಂದ ಎರಡೂ ಬದಿ ಒತ್ತಿ, ಅಂಚುಗಳನ್ನು ಒಳಕ್ಕೆ ಮಡಚಿ. ತೇವದ ಚರ್ಮಕ್ಕೆ ಕಬ್ಬಿಣ ತಗುಲಿದರೆ ಕಪ್ಪು ಕಲೆ ಬೀಳುತ್ತದೆ. ಅದು ಹೋಗುವುದು ಕಷ್ಟ.

ಕೊನೆಗೆ ಒತ್ತುಕಾಗದದ ನಡುವೆ ಹಗುರವಾದ ಭಾರದಡಿ ಇರಿಸಿ, ಕಾಗದ ಬದಲಿಸುತ್ತ, ಬಿಸಿಲಿಗೆ ಒಡ್ಡದೆ ಒಣಗಿಸಿ.